ಕುಡಿದವರು ಯಾರು, ಲೆಕ್ಕ ಯಾರ ತಲೆಗೆ?

ಮುಳಬಾಗಿಲಿನಲ್ಲಿ ದೋಸೆಗೆ ಕಾಯುವಾಗ ಏನಾದರೂ ಒಂದು ವಾದ ಇರಲೇಬೇಕು. ಮೊನ್ನೆ ಮುನಿರಾಜು ಎಸ್ಟೋನಿಯಾ ಎತ್ತಿಕೊಂಡ. ಅವನ ತಂಗಿ ಮಗ ಫಿನ್ಲೆಂಡಿನಲ್ಲಿ ಕೆಲಸಕ್ಕಿದ್ದಾನೆ, ಹಂಗಾಗಿ ಆ ಕಡೆ ಸುದ್ದಿ ಇವನ ಹತ್ತಿರ ಜಾಸ್ತಿ.

"ಎಸ್ಟೋನಿಯಾದವರು ಸಿಕ್ಕಾಪಟ್ಟೆ ಕುಡೀತಾರೆ ಕಣ್ರೋ. ತಲೆಗಿಷ್ಟು ಅಂತ ಲೆಕ್ಕ ಹಾಕಿದ್ರೆ ಪಕ್ಕದ ಫಿನ್ಲೆಂಡಿನವರು ಪಾಪದೋರು" ಅಂದ.

ಸೀನ ಬಿಡ್ತಾನಾ? "ಕುಡೀತಾರೋ, ಮಾರ್ತಾರೋ? ಆಂಧ್ರ ಗಡಿಯ ನಂಗಲಿ ಚೆಕ್‌ಪೋಸ್ಟ್ ಈಚೆ ಅಂಗಡಿಗಳಲ್ಲಿ ಮಾರಿದ್ದನ್ನೆಲ್ಲ ನಾವೇ ಕುಡಿದ್ವಿ ಅಂತ ಬರ್ಕೊಂಡ್ರೆ, ನಮ್ಮೂರಲ್ಲಿ ತೊಟ್ಟಿಲ ಕೂಸೂ ದಿನಾ ಒಂದು ಕ್ವಾರ್ಟರ್ ಹಾಕ್ಬೇಕಾಗುತ್ತೆ!"

ಮೇಷ್ಟ್ರು ನಕ್ಕರು. ಸೀನ ಸುಮ್ನೆ ಅಂದಿದ್ದೇ ಸರಿಯಾಗಿತ್ತು. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಎಸ್ಟೋನಿಯಾದ ಟಾಲಿನ್‌ಗೆ ಸಮುದ್ರದ ಮೇಲೆ ಸುಮಾರು 80 ಕಿಲೋಮೀಟರ್, ಹಡಗಿನಲ್ಲಿ ಎರಡು ಗಂಟೆ ದಾರಿ. ಫಿನ್ಲೆಂಡಿನಲ್ಲಿ ತೆರಿಗೆ ಭಾರಿ, ಸ್ಟ್ರಾಂಗ್ ಮಾಲು ಬೇಕಂದ್ರೆ ಅಲ್ಕೊ ಅನ್ನೋ ಸರ್ಕಾರಿ ಅಂಗಡಿಗೇ ಹೋಗಬೇಕು, ಅದೂ ಭಾನುವಾರ ಬಾಗಿಲು ಹಾಕಿರುತ್ತೆ. ಅದಕ್ಕೇ ಜನ ಟ್ರಾಲಿ ಎಳೆದುಕೊಂಡು ಹಡಗು ಹತ್ತಿ, ಟಾಲಿನ್‌ನಲ್ಲಿ ಬಿಯರ್ ಕೇಸುಗಳನ್ನು ಪೇರಿಸಿಕೊಂಡು ವಾಪಸ್ ಬರ್ತಾರೆ. ಬಾಟಲಿ ಮಾರಾಟ ಎಸ್ಟೋನಿಯಾದ ಪುಸ್ತಕದಲ್ಲಿ, ನಶೆ ಫಿನ್ಲೆಂಡಿನಲ್ಲಿ. ಅಲ್ಲಿನ ಲೆಕ್ಕದವರು ದಡ್ಡರಲ್ಲ, ಎಸ್ಟೋನಿಯಾದವರು ಪ್ರವಾಸಿಗರು ಕೊಂಡಿದ್ದನ್ನು ಕಳೀತಾರೆ, ಫಿನ್ಲೆಂಡಿನವರು ಹೊರಗಿಂದ ತಂದಿದ್ದನ್ನು ಕೂಡ್ತಾರೆ. ಅಷ್ಟೆಲ್ಲ ಕಳೆದರೂ ಎಸ್ಟೋನಿಯಾ ಕಡಿಮೆ ಏನಲ್ಲ, ಅದು ಬೇರೆ ಮಾತು.

"ಹಂಗಾದ್ರೆ ಫಿನ್ಲೆಂಡಿನವರೇ ರೇಟು ಇಳಿಸ್ಬೋದಿತ್ತಲ್ಲ?" ಅಂದ ಮುನಿರಾಜು.

ಇಳಿಸಿದ್ರಪ್ಪಾ. 2004ರ ಮೇನಲ್ಲಿ ಎಸ್ಟೋನಿಯಾ ಯುರೋಪಿಯನ್ ಒಕ್ಕೂಟ ಸೇರೋದಿತ್ತು, ಗಡಿಯಲ್ಲಿ ತಡೆಯೋಕೆ ಆಗಲ್ಲ ಅಂತ ಗೊತ್ತಾಗಿ ಫಿನ್ಲೆಂಡ್ ಮಾರ್ಚಿನಲ್ಲೇ ತೆರಿಗೆಯನ್ನು ಸುಮಾರು ಮೂರನೇ ಒಂದು ಭಾಗ ಕಡಿತ ಮಾಡಿತು. ನಮ್ಮವರು ನಮ್ಮಲ್ಲೇ ಕೊಳ್ಳಲಿ ಅನ್ನೋ ಲೆಕ್ಕ. ಜನ ಇಲ್ಲೂ ಕೊಂಡರು, ಅಲ್ಲೂ ಕೊಂಡರು. ಕುಡಿತ ಏರಿತು, ಕುಡಿದು ಲಿವರ್ ಕೆಟ್ಟು ಸಾಯೋರೂ ಜಾಸ್ತಿಯಾದರು. 2008ರಿಂದ ತೆರಿಗೆ ಮತ್ತೆ ಏರಿಸೋಕೆ ಶುರು ಮಾಡಿದರು. ಕುಡಿಯೋನಿಗೆ ರೇಟು ಇಳಿಸಿ ಬುದ್ಧಿ ಕಲಿಸ್ತೀನಿ ಅನ್ನೋರನ್ನ ನಾನಂತೂ ನಂಬಲ್ಲ.

ಮಜಾ ಇರೋದು ಮುಂದೆ. ಎಸ್ಟೋನಿಯಾನೂ ತೆರಿಗೆ ಏರಿಸಿತು, 2017ರಲ್ಲಿ ಬಿಯರ್ ಮೇಲಂತೂ ಜೋರಾಗಿ. ಆಗ ಎಸ್ಟೋನಿಯಾದವರೇ ಪಕ್ಕದ ಲಾಟ್ವಿಯಾ ಕಡೆ ಕಾರು ತಿರುಗಿಸಿದರು. ವಾಲ್ಗಾ ಅಂತ ಒಂದು ಊರು, ಮಧ್ಯದಲ್ಲೇ ಗಡಿ, ಆಚೆ ಭಾಗದ ಹೆಸರು ವಾಲ್ಕಾ. ರಸ್ತೆ ದಾಟಿದರೆ ಅಗ್ಗ! ಕೊನೆಗೆ 2019ರ ಜುಲೈಯಲ್ಲಿ ಎಸ್ಟೋನಿಯಾ ತೆರಿಗೆಯನ್ನು ಶೇಕಡ 25ರಷ್ಟು ಇಳಿಸಬೇಕಾಯ್ತು.

ಸೀನ ತಲೆ ಕೆರೆದುಕೊಂಡ. "ಫಿನ್ಲೆಂಡಿನೋನು ಎಸ್ಟೋನಿಯಾಗೆ, ಎಸ್ಟೋನಿಯಾದೋನು ಲಾಟ್ವಿಯಾಗೆ. ಲಾಟ್ವಿಯಾದೋನು ಎಲ್ಲಿಗೆ ಹೋಗ್ತಾನೆ ಮೇಷ್ಟ್ರೇ?"

"ಅವನೆಲ್ಲಿಗೆ ಹೋಗ್ತಾನೋ, ಗಲ್ಲಾ ಮೇಲೆ ಕೂತವ್ನೆ."

ಇದೆಲ್ಲ ನಮಗೇನು ಹೊಸದಾ? 1995ರಲ್ಲಿ ಎನ್‌ಟಿಆರ್ ಆಂಧ್ರದಲ್ಲಿ ಪಾನನಿಷೇಧ ತಂದಾಗ ಗಡಿ ಊರುಗಳ ಅಂಗಡಿಯವರಿಗೆ ಹಬ್ಬ. 2019ರ ಮೇಲೆ ಅಲ್ಲಿ ಸರ್ಕಾರವೇ ಅಂಗಡಿ ಇಟ್ಟು, ರೇಟು ಏರಿಸಿ, ಕಂಡು ಕೇಳರಿಯದ ಬ್ರ್ಯಾಂಡು ಮಾರಿದಾಗ ನಮ್ಮ ಟೆಟ್ರಾಪ್ಯಾಕುಗಳು ಸೊಪ್ಪಿನ ಮೂಟೆಯಲ್ಲೂ ಗಡಿ ದಾಟಿದವು. 2024ರ ಅಕ್ಟೋಬರಿನಲ್ಲಿ ಖಾಸಗಿ ಅಂಗಡಿ ವಾಪಸ್ ಬಂತು, 99 ರೂಪಾಯಿಗೆ ಕ್ವಾರ್ಟರ್ ಅಂದರು. ಗಾಳಿ ಈಗ ಆ ಕಡೆಗೆ.

"ನಮ್ಮೋರು ಅಲ್ಲಿಗೆಲ್ಲ ಹೋಗಲ್ಲ ಬಿಡಿ" ಅಂದ ಮುನಿರಾಜು, ಗತ್ತಿನಿಂದ.

"ಹೌದಾ?" ಅಂದ ಸೀನ. "ಮತ್ತೆ ನಿಮ್ಮ ಭಾವ, ಕೋಲಾರದ ಮಂಡಿ ಇಲ್ಲೇ ಇರುವಾಗ, ವಾರಾವಾರ ಗಡಿ ದಾಟಿ ಪಲಮನೇರಿಗೆ ಟೊಮೆಟೊ ರೇಟು ಕೇಳೋಕೆ ಯಾಕೆ ಹೋಗ್ತಾನೆ? ಅವನದ್ದು ರೇಷ್ಮೆ ಅಲ್ವಾ?"