ಒತ್ತಕ್ಷರ ಕತ್ತರಿಸುತ್ತಿದೆ, ಕಾಲಂ ಕೆಳಗೆ ಬೀಳುತ್ತಿದೆ: ನೀವು ಹೇಗೆ ಸರಿ ಮಾಡಿಕೊಂಡಿರಿ?

ಕೇಳಿದವರು, ಹೈಸ್ಕೂಲ್ ಶಿಕ್ಷಕಿ

ನಮ್ಮ ಶಾಲೆಗೆ ನಾನೇ ಒಂದು ಪುಟ್ಟ ವೆಬ್‌ಸೈಟ್ ಮಾಡಿದ್ದೇನೆ. ಪುಟ ಕಟ್ಟುವ ಎಚ್‌ಟಿಎಂಎಲ್, ಅದರ ಅಂದ ಹೇಳುವ ಸಿಎಸ್‌ಎಸ್ ಕಲಿತದ್ದು ಬೇಸಿಗೆ ರಜೆಯಲ್ಲಿ, ವಿಡಿಯೋ ನೋಡಿಕೊಂಡು. ಈಗ ಮೂರು ತೊಂದರೆ. ಮಕ್ಕಳ ಹೆಸರಿನ ಪಟ್ಟಿಯಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ‘ಲಕ್ಷ್ಮಿ’ಯಲ್ಲಿ ಮ ಒತ್ತು ಕಾಣುವುದೇ ಇಲ್ಲ. ಆ ಹುಡುಗಿ ಬಂದು ‘ಮಿಸ್, ನನ್ನ ಹೆಸರು ತಪ್ಪಾಗಿದೆ’ ಅಂದಳು. ಎರಡನೆಯದು, ಬಲಗಡೆ ಇರಬೇಕಾದ ಸೂಚನೆಗಳ ಕಾಲಂ ಕೆಳಗೆ ಬೀಳುತ್ತದೆ. ಇನ್ನು ಮೊಬೈಲ್‌ನಲ್ಲಿ ಅಕ್ಷರಗಳೆಲ್ಲ ಸಾಸಿವೆ ಕಾಳಿನಷ್ಟು. ಅಲ್ಲಿ ಇಲ್ಲಿ ಸಿಕ್ಕ ಕೋಡ್ ತಂದು ಅಂಟಿಸಿದೆ. ಒಂದು ಸರಿಯಾದರೆ ಇನ್ನೊಂದು ಕೆಡುತ್ತದೆ. ಇದನ್ನೆಲ್ಲ ದಾಟಿ ಬಂದವರು ಎಲ್ಲಿಂದ ಶುರು ಮಾಡಬೇಕು ಹೇಳ್ತೀರಾ?

ವೆಬ್ ಕೆಲಸದಲ್ಲೇ ಇರುವವರು

ಮೇಡಂ, ಹೊರಗಿಂದ ತಂದು ಅಂಟಿಸಿದ್ದನ್ನೆಲ್ಲ ಮೊದಲು ತೆಗೆದುಬಿಡಿ. ಶುರುವಿನಲ್ಲಿ ನಾನೂ ತೇಪೆಯ ಮೇಲೆ ತೇಪೆ ಹಾಕಿ ಮೂರು ದಿನ ಕಳೆದಿದ್ದೆ. ಕೊನೆಗೆ ಸಿಕ್ಕ ತಪ್ಪು, ಮುಚ್ಚದೆ ಬಿಟ್ಟ ಒಂದೇ ಒಂದು ಡಿವ್ (ಪುಟದ ಭಾಗವನ್ನು ಸುತ್ತುವ ಡಬ್ಬಿಯ ಟ್ಯಾಗ್). ಆಮೇಲಿಂದ ಸಿಎಸ್‌ಎಸ್ ಮುಟ್ಟುವ ಮೊದಲು ಎಚ್‌ಟಿಎಂಎಲ್ ಪರೀಕ್ಷೆ ಮಾಡುತ್ತೇನೆ. ಡಬ್ಲ್ಯು3ಸಿ ಸಂಸ್ಥೆಯ ವ್ಯಾಲಿಡೇಟರ್, ಅಂದರೆ ಕೋಡಿನ ತಪ್ಪು ಹುಡುಕುವ ಸಾಧನ, ಉಚಿತವಾಗಿ ಸಿಗುತ್ತದೆ. ಇಡೀ ಪುಟದ ಕೋಡ್ ಹಾಕಿ. ಎರರ್ ಪಟ್ಟಿ ಉದ್ದ ಬಂದರೆ ಹೆದರಬೇಡಿ. ಮೊದಲನೆಯದನ್ನು ಮಾತ್ರ ಸರಿ ಮಾಡಿ, ಮತ್ತೆ ಓಡಿಸಿ. ಮೇಲಿನ ಒಂದು ಟ್ಯಾಗ್ ತಪ್ಪಿದರೆ ಅದರಿಂದಲೇ ಕೆಳಗೆ ಹತ್ತು ಎರರ್ ಹುಟ್ಟುತ್ತವೆ.

ಫೈಲಿನ ಮೊದಲ ಸಾಲಿನಲ್ಲಿ ಡಾಕ್‌ಟೈಪ್ (ಇದು ಎಚ್‌ಟಿಎಂಎಲ್ ಪುಟ ಎಂದು ಬ್ರೌಸರ್‌ಗೆ ಹೇಳುವ ಸಾಲು) ಇದೆಯಾ ನೋಡಿ. ಅದಿಲ್ಲದಿದ್ದರೆ ಬ್ರೌಸರ್ ನಿಮ್ಮ ಪುಟವನ್ನು 1990ರ ದಶಕದ ಹಳೆಯ ಪುಟ ಅಂದುಕೊಂಡು ಕ್ವರ್ಕ್ಸ್ ಮೋಡ್ ಎಂಬ ಹಳೆಯ ರೀತಿಗೆ ಹೋಗುತ್ತದೆ. ಆಗ ಅಗಲ, ಎತ್ತರದ ಕೆಲವು ಲೆಕ್ಕಗಳೇ ಬೇರೆ.

ಕಾಲಂ ಬೀಳುವುದು ಬರೀ ಕೂಡುವ ಲೆಕ್ಕ. ಹೊರಗಿನ ಡಬ್ಬಿ 1000 ಪಿಕ್ಸೆಲ್ ಅನ್ನಿ. ಒಳಗೆ 700 ಮತ್ತು 300ರ ಎರಡು ಕಾಲಂ. ಸರಿಯಾಗಿ ಹಿಡಿಯಬೇಕು, ಅಲ್ವಾ? ಆದರೆ ಎರಡಕ್ಕೂ ಎರಡೂ ಬದಿ 20 ಪಿಕ್ಸೆಲ್ ಪ್ಯಾಡಿಂಗ್ (ಅಂಚಿಗೂ ವಿಷಯಕ್ಕೂ ನಡುವಿನ ಖಾಲಿ ಜಾಗ) ಕೊಟ್ಟರೆ 740, 340 ಆಗುತ್ತದೆ. ವಿಡ್ತ್ ಎಂದರೆ ಒಳಗಿನ ವಿಷಯದ ಅಗಲ ಮಾತ್ರ, ಪ್ಯಾಡಿಂಗ್ ಮತ್ತು ಬಾರ್ಡರ್ ಅದರ ಹೊರಗೆ. 1080 ಹಿಡಿಯದು, ಎರಡನೆಯದು ಕೆಳಗೆ ಇಳಿಯುತ್ತದೆ. ಎಲ್ಲ ಎಲಿಮೆಂಟ್‌ಗಳಿಗೂ ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್ ಎಂದು ಒಂದು ಸಾಲು ಬರೆಯಿರಿ. ಆಗ 300 ಎಂದರೆ ಪ್ಯಾಡಿಂಗ್ ಸೇರಿ 300. ಕಾಲಂಗಳಿಗೆ ಫ್ಲೋಟ್ ಬಳಸಿದ್ದರೆ ಅದನ್ನೂ ಬಿಡಿ. ಅದು ಚಿತ್ರದ ಪಕ್ಕದಲ್ಲಿ ಬರಹ ಹರಿಯಲಿ ಎಂದು ಬಂದದ್ದು. ಅಕ್ಕಪಕ್ಕ ಜೋಡಿಸಲು ಫ್ಲೆಕ್ಸ್, ಗ್ರಿಡ್ ಇವೆ.

ಕನ್ನಡ ಪತ್ರಿಕೆಯ ಪುಟ ವಿನ್ಯಾಸ ಮಾಡುವವರು

ಒತ್ತಕ್ಷರದ ವಿಷಯ ನಾನು ಹೇಳುತ್ತೇನೆ, ಇದು ನನ್ನನ್ನು ತುಂಬಾ ಕಾಡಿದೆ. ನೀವು ತೆಗೆದುಕೊಂಡ ಟೆಂಪ್ಲೇಟ್‌ನಲ್ಲಿ ಪಟ್ಟಿಯ ಪ್ರತಿ ಸಾಲಿಗೂ ಹೈಟ್ 24 ಪಿಕ್ಸೆಲ್, ಜೊತೆಗೆ ಓವರ್‌ಫ್ಲೋ ಹಿಡನ್ (ಮೀರಿದ್ದನ್ನು ಕತ್ತರಿಸು) ಅಂತ ಇರಬೇಕು, ಹುಡುಕಿ. ಇಂಗ್ಲಿಷ್ ಬರಹಕ್ಕೆ ಅಷ್ಟು ಸಾಕು. ಅಲ್ಲಿ ಜಿ, ವೈ ಥರದ ನಾಲ್ಕೈದು ಅಕ್ಷರಗಳ ಬಾಲ ಮಾತ್ರ ಕೆಳಗಿಳಿಯುತ್ತದೆ. ನಮ್ಮಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು ಬರುತ್ತದೆ, ಮೇಲೆ ಗುಣಿತದ ಗುಡಿಸು ಬೇರೆ. ಹೈಟ್ ತೆಗೆದು ಮಿನ್-ಹೈಟ್ (ಕನಿಷ್ಠ ಎತ್ತರ) ಹಾಕಿ, ಓವರ್‌ಫ್ಲೋ ಹಿಡನ್ ಅಳಿಸಿ. ಫ್ಲೋಟ್ ಆದ ಡಬ್ಬಿಗಳನ್ನು ಒಳಗೆ ಹಿಡಿದಿಡಲೆಂದು ಅದನ್ನು ಹಾಕಿದ್ದರೆ, ಅದೇ ಕೆಲಸವನ್ನು ಡಿಸ್‌ಪ್ಲೇ ಫ್ಲೋ-ರೂಟ್ ಮಾಡುತ್ತದೆ, ಏನನ್ನೂ ಕತ್ತರಿಸದೆ.

ಲೈನ್-ಹೈಟ್ (ಸಾಲಿನ ಎತ್ತರ) 1.7ರ ಸುತ್ತ ಇಡಿ. ಬರೀ ಅಂಕಿ, ಮುಂದೆ ಪಿಕ್ಸೆಲ್ ಬೇಡ, ಶೇಕಡಾ ಗುರುತೂ ಬೇಡ. ಇಡೀ ಪುಟವನ್ನು ಹಿಡಿದ ಬಾಡಿ ಟ್ಯಾಗ್‌ಗೆ 24 ಪಿಕ್ಸೆಲ್ ಕೊಟ್ಟರೆ 36 ಪಿಕ್ಸೆಲ್ ಗಾತ್ರದ ತಲೆಬರಹಕ್ಕೂ ಅದೇ 24 ಬರುತ್ತದೆ. ಸಾಲಿನ ಮೇಲೆ ಸಾಲು ಕೂರುತ್ತದೆ. 150% ಎಂದು ಬರೆದರೂ ಅಷ್ಟೇ. ಬಾಡಿಯ 16 ಪಿಕ್ಸೆಲ್‌ಗೆ ಒಮ್ಮೆ ಲೆಕ್ಕ ಹಾಕಿ, ಬಂದ 24ನ್ನೇ ಒಳಗಿನವರಿಗೆಲ್ಲ ಹಂಚುತ್ತದೆ. ಬರೀ ಅಂಕಿ ಕೊಟ್ಟಾಗ ಮಾತ್ರ ಪ್ರತಿ ಎಲಿಮೆಂಟ್ ತನ್ನದೇ ಅಕ್ಷರದ ಗಾತ್ರದಿಂದ ಗುಣಿಸಿಕೊಳ್ಳುತ್ತದೆ. ಇದು ಗೊತ್ತಾಗುವ ತನಕ ನಾನು ಪ್ರತಿ ತಲೆಬರಹಕ್ಕೂ ಬೇರೆ ಬೇರೆ ಲೈನ್-ಹೈಟ್ ಬರೆಯುತ್ತಿದ್ದೆ.

ಪರೀಕ್ಷೆಗೆ ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮಿ’ ಈ ಮೂರು ಪದ ಇಟ್ಟುಕೊಂಡಿದ್ದೇನೆ. ತಲೆಬರಹ, ಬಟನ್, ಟೇಬಲ್ ಎಲ್ಲ ಕಡೆ ಹಾಕಿ, ಅಕ್ಷರವನ್ನು 200% ದೊಡ್ಡದು ಮಾಡಿ ನೋಡುತ್ತೇನೆ.

ಡಿಪ್ಲೊಮಾ ವಿದ್ಯಾರ್ಥಿ

ಮೊಬೈಲ್‌ಗೆ: ಹೆಡ್ ಒಳಗೆ ವ್ಯೂಪೋರ್ಟ್ ಮೆಟಾ ಟ್ಯಾಗ್ ಹಾಕಿ ಮೇಡಂ, ಅದರಲ್ಲಿ ವಿಡ್ತ್‌ಗೆ ಡಿವೈಸ್-ವಿಡ್ತ್ (ಫೋನಿನ ಅಗಲ) ಅಂತ ಬರೆಯಿರಿ. ಅದಿಲ್ಲದಿದ್ದರೆ ಫೋನು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲಕ್ಕೆ ಹಾಸಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ನಂದು ಈ ಒಂದೇ ಸಾಲಿನಿಂದ ಸರಿಹೋಯಿತು.

ಸ್ಕ್ರೀನ್ ರೀಡರ್ ಬಳಸುವವರು

ನನಗೆ ಕಣ್ಣು ಕಾಣುವುದಿಲ್ಲ, ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದ ಮೂಲಕ ಓದುತ್ತೇನೆ. ಮಗಳ ಶಾಲೆಯ ಸೈಟಿನಲ್ಲಿ ರಜೆಯ ಸೂಚನೆಯನ್ನು ಫೋಟೋ ಮಾಡಿ ಹಾಕಿದ್ದರು. ನನಗೆ ಕೇಳಿಸಿದ್ದು ಫೈಲಿನ ಹೆಸರು, ಅಂಕಿಗಳು, ಅಷ್ಟೇ. ದಯವಿಟ್ಟು ಕನ್ನಡವನ್ನು ಬರಹವಾಗಿಯೇ ಹಾಕಿ, ಚಿತ್ರವಾಗಿ ಬೇಡ. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಲ್ಯಾಂಗ್ ಎಂಬ ಕಡೆ ಕನ್ನಡದ ಸಂಕೇತ ‘ಕೆಎನ್’ (ಇಂಗ್ಲಿಷ್‌ನಲ್ಲಿ kn) ಬರೆದರೆ ಯಂತ್ರ ಕನ್ನಡದ ದನಿಗೆ ತಿರುಗಬಲ್ಲದು. ಫಾರ್ಮ್ ಇದ್ದರೆ ಪ್ರತಿ ಖಾನೆಗೂ ಲೇಬಲ್ ಜೋಡಿಸಿ. ಪಕ್ಕದಲ್ಲಿ ‘ಹೆಸರು’ ಎಂದು ಸುಮ್ನೆ ಬರೆದಿಟ್ಟರೆ ಯಾವ ಖಾನೆಗೆ ಯಾವ ಹೆಸರು ಎಂದು ನಮಗೆ ತಿಳಿಯುವುದಿಲ್ಲ. ಒಂದೇ ಐಡಿ (ಖಾನೆಯ ಗುರುತಿನ ಹೆಸರು) ಎರಡು ಕಡೆ ಬಂದರೂ ಲೇಬಲ್ ಮೊದಲನೆಯದಕ್ಕೆ ಮಾತ್ರ ಅಂಟುತ್ತದೆ. ಇದನ್ನು ಮೇಲೆ ಹೇಳಿದ ವ್ಯಾಲಿಡೇಟರ್ ಹಿಡಿದುಕೊಡುತ್ತದೆ.

ಡಿಟಿಪಿ ಅಂಗಡಿಯವರು

ನಿಮಗೆ ಇನ್ನೂ ಬಂದಿಲ್ಲ, ಆದರೆ ಬರುತ್ತದೆ: ಆಫೀಸಿನವರು ಕೊಟ್ಟ ಫೈಲ್ ಪುಟಕ್ಕೆ ಹಾಕಿದಾಗ ಕನ್ನಡದ ಬದಲು ಕಲಸುಮೇಲೋಗರ. ಇದಕ್ಕೆ ಎರಡು ಕಾರಣ, ಮದ್ದು ಬೇರೆ ಬೇರೆ. ಮೇಲೆ ಓರೆಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟಾಣಿ 2 ಅಥವಾ 3, ಹೀಗೆ ಮತ್ತೆ ಮತ್ತೆ ಬಂದರೆ ಬರಹ ಸರಿಯಾಗಿದೆ, ಓದುವ ರೀತಿ ತಪ್ಪಿದೆ. ಅಕ್ಷರಗಳನ್ನು ಫೈಲಿನಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟ್. ಆ ಮೂರನ್ನು ಮೂರು ಇಂಗ್ಲಿಷ್ ಗುರುತುಗಳಾಗಿ ತೋರಿಸುತ್ತಿದೆ. ಹೆಡ್‌ನ ಶುರುವಿನಲ್ಲೇ ಮೆಟಾ ಚಾರ್‌ಸೆಟ್ ಯುಟಿಎಫ್-8 ಹಾಕಿ, ಫೈಲನ್ನೂ ಹಾಗೇ ಸೇವ್ ಮಾಡಿ. ಆ ಗುರುತು ಇಲ್ಲದೆ ಬೇರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಅದು ಯೂನಿಕೋಡ್ (ಎಲ್ಲ ಕಡೆ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಲೇಬೇಕು. ಮಾಡಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ಓದಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಡಾಕ್‌ಟೈಪ್ ಇರಲೇ ಇಲ್ಲ! ಮುಚ್ಚದ ಡಿವ್ ಎರಡು ಸಿಕ್ಕವು. ಹೈಟ್ 24 ಅಲ್ಲ, 22 ಇತ್ತು. ಅದನ್ನು ತೆಗೆದ ಕೂಡಲೇ ಮ ಒತ್ತು ಪೂರ್ತಿ ಕಂಡಿತು, ಲಕ್ಷ್ಮಿಗೂ ತೋರಿಸಿದೆ. ಸೂಚನೆಗಳನ್ನು ಫೋಟೋ ಮಾಡಿಯೇ ಹಾಕಿದ್ದೆ, ಇವತ್ತು ರಾತ್ರಿ ಕೂತು ಟೈಪ್ ಮಾಡುತ್ತೇನೆ. ಈಗ ಉಳಿದದ್ದು ಒಂದು. ಫ್ಲೆಕ್ಸ್ ಮಾಡಿದ ಮೇಲೆ ಅಂಕಪಟ್ಟಿಯ ಟೇಬಲ್ ಮೊಬೈಲ್‌ನಲ್ಲಿ ಇಡೀ ಪುಟವನ್ನೇ ಪಕ್ಕಕ್ಕೆ ದಬ್ಬುತ್ತಿದೆ.

ವೆಬ್ ಕೆಲಸದಲ್ಲೇ ಇರುವವರು

ಟೇಬಲ್ ಸುತ್ತ ಒಂದು ಡಿವ್ ಕಟ್ಟಿ, ಅದಕ್ಕೆ ಓವರ್‌ಫ್ಲೋ-ಎಕ್ಸ್ ಆಟೋ ಕೊಡಿ. ಆ ಟೇಬಲ್ ಇರುವ ಕಾಲಂಗೆ ಮಿನ್-ವಿಡ್ತ್ 0. ಫ್ಲೆಕ್ಸ್ ಒಳಗಿನ ಡಬ್ಬಿ ತಾನಾಗಿ ಒಳಗಿನ ವಿಷಯಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ, ಆ 0 ಕೊಟ್ಟರೆ ಒಪ್ಪುತ್ತದೆ. ಟೇಬಲ್ ಮಾತ್ರ ಬೆರಳಿಗೆ ಸರಿಯುತ್ತದೆ, ಪುಟ ಅಲುಗಾಡುವುದಿಲ್ಲ.