ಪದ ಬೇಕು (ನಾಳೆ ಅಚ್ಚಿಗೆ): ಡೆಂಗಿ ಫಲಕದಲ್ಲಿ ‘ಇನ್‌ಫ್ಲಮೇಷನ್’ಗೆ ‘ಉರಿಯೂತ’ ನಡೆಯುತ್ತದೆಯೇ?

ಎಸ್.:
ಎಲ್ಲರಿಗೂ ನಮಸ್ಕಾರ. ಮಕ್ಕಳ ವಾರ್ಡಿನ ಹೊರಗೆ ಹಾಕುವ ಡೆಂಗಿ ಫಲಕ ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕು. ಓದುವವರು ಅಪ್ಪ-ಅಮ್ಮ, ಅಜ್ಜಿ-ತಾತ. ಮೂಲದಲ್ಲಿರುವುದು ಇಷ್ಟು: ವೈರಸ್ಸಿನ ನಾನ್-ಸ್ಟ್ರಕ್ಚರಲ್ ಪ್ರೋಟೀನ್ 1, ಅಂದರೆ ಎನ್‌ಎಸ್1, ಇಮ್ಯೂನ್ ಸೆಲ್ಲುಗಳನ್ನು ಕೆರಳಿಸುತ್ತದೆ, ಇನ್‌ಫ್ಲಮೇಷನ್ ಆಗಿ, ಪ್ಲಾಸ್ಮಾ (ರಕ್ತದ ನೀರಿನಂಶ) ಸೋರಿ, ಮಗು ಶಾಕ್‌ಗೆ ಹೋಗಬಹುದು. ನನ್ನ ಕರಡು:

“ವೈರಾಣುವಿನ ಅರಚನಾತ್ಮಕ ಪ್ರೋಟೀನು ಬಿಳಿ ರಕ್ತಕಣಗಳನ್ನು ಪ್ರಚೋದಿಸಿ ಉರಿಯೂತ ಉಂಟುಮಾಡುವುದರಿಂದ ಮಗು ಆಘಾತಕ್ಕೊಳಗಾಗುವ ಸಾಧ್ಯತೆಯಿದೆ.”

‘ಉರಿಯೂತ’ದ ಬಗ್ಗೆ ಅನುಮಾನ. ಬೇರೆ ಇದೆಯೇ?

ಜಿ. ಕೆ.:
ಮೊದಲು ‘ಅರಚನಾತ್ಮಕ’ ಹೊಡೆದುಹಾಕಿ. ರಚನಾತ್ಮಕ ಟೀಕೆ, ರಚನಾತ್ಮಕ ಕೆಲಸ ಅನ್ನುತ್ತೇವೆ; ಅದಕ್ಕೆ ‘ಅ’ ಹಚ್ಚಿದರೆ ಮನೆಹಾಳು ಪ್ರೋಟೀನು ಎಂದಾಗುತ್ತದೆ. ‘ರಚನೇತರ’ ಅನ್ನಿ. ಗುಣಸಂಧಿ, ತಕರಾರಿಲ್ಲ.

‘ವೈರಾಣು’ವೂ ಬೇಡ. ಲ್ಯಾಟಿನ್ನಿನ ವೈರಸ್ ಮತ್ತು ನಮ್ಮ ‘ವಿಷ’ ಒಂದೇ ಬೇರಿನವು. ‘ವಿಷಾಣು’ ಎಂಬ ಸಹಜ ಪದವನ್ನು ಬಿಟ್ಟು, ಸದ್ದು ಹೊಂದುತ್ತದೆಂದು ‘ವೈರ’ವನ್ನು ಎಳೆದು ತಂದದ್ದು ಬರೀ ಚಮತ್ಕಾರ. ಇನ್‌ಫ್ಲಮೇಷನ್ನಿಗೆ ಆಯುರ್ವೇದದ ‘ಶೋಥ’ ಇದ್ದೇ ಇದೆ.

ಡಾ. ಪಿ.:
ಶೋಥ ಎಂದರೆ ಬಾತುಕೊಂಡದ್ದು. ಬೇಡ.

ಎಸ್. ಅವರೇ, ಪದದ ಮಾತು ಹಾಗಿರಲಿ, ವಾಕ್ಯವೇ ಅರ್ಧ ಸರಿ. ಡೆಂಗಿ ವೈರಸ್ಸಿನ 10 ಪ್ರೋಟೀನುಗಳಲ್ಲಿ 3 ಅದರ ಮೈಕಟ್ಟಿಗೆ ಹೋಗುತ್ತವೆ. ಉಳಿದ 7 ಸೋಂಕಿದ ಕೋಶದೊಳಗೆ ವೈರಸ್ಸಿನ ಕೆಲಸ ಮಾಡಿಕೊಡುವಂಥವು. ‘ರಚನೇತರ’ ಅನ್ನುವುದು ಅದಕ್ಕೇ. ಎನ್‌ಎಸ್1 ಮಾತ್ರ ಆರಾರು ಕೂಡಿಕೊಂಡು, ನಡುವೆ ಕೊಬ್ಬಿನ ತಿರುಳಿಟ್ಟುಕೊಂಡು ರಕ್ತಕ್ಕೆ ಬಂದು ತೇಲುತ್ತದೆ. ಜ್ವರದ ಮೊದಲ ದಿನದಿಂದಲೇ ರಕ್ತಪರೀಕ್ಷೆಯಲ್ಲಿ ಸಿಗುವುದು ಇದೇ ಕಾರಣಕ್ಕೆ.

ಆಮೇಲೆ ಅದು ಮಾಡುವ ಹಾವಳಿ ಎರಡು ದಾರಿಯದು. 2015ರಲ್ಲಿ ತಿಳಿದುಬಂದಂತೆ, ಬ್ಯಾಕ್ಟೀರಿಯಾದ ವಿಷವನ್ನು ಗುರುತಿಸುವ ಟಿಎಲ್‌ಆರ್4 ಎಂಬ ಗ್ರಾಹಕವನ್ನೇ (ಕೋಶದ ರಿಸೆಪ್ಟರ್) ಇದೂ ತಟ್ಟುತ್ತದೆ. ಇಮ್ಯೂನ್ ಕೋಶಗಳಾದ ಮಾನೊಸೈಟ್, ಮ್ಯಾಕ್ರೊಫೇಜ್‌ಗಳು ಕೆರಳಿ ಟಿಎನ್‌ಎಫ್, ಐಎಲ್-6 ಮುಂತಾದ, ಇತರ ಕೋಶಗಳನ್ನು ಎಚ್ಚರಿಸುವ ಸೈಟೊಕೈನ್‌ಗಳನ್ನು ಸುರಿಸುತ್ತವೆ. ನಾಳದ ಗೋಡೆ ಸಡಿಲವಾಗುತ್ತದೆ. ಎರಡನೆಯದರಲ್ಲಿ ಇಮ್ಯೂನ್ ಕೋಶಗಳ ಹಂಗಿಲ್ಲ: ರಕ್ತನಾಳದ ಒಳಮೈಗೆ ಲೇಪದಂತಿರುವ ಸಕ್ಕರೆಯ ಪದರವನ್ನೇ ಕರಗಿಸುವ ಕಿಣ್ವಗಳನ್ನು ಅದು ಎಬ್ಬಿಸುತ್ತದೆ. ನಿಮ್ಮ ವಾಕ್ಯದಲ್ಲಿ ಇದು ಬಿಟ್ಟುಹೋಗಿದೆ.

ಈಗ ‘ಉರಿಯೂತ’. ಪಠ್ಯಪುಸ್ತಕಕ್ಕೆ ಒಳ್ಳೆಯ ಪದ, ಈ ಫಲಕಕ್ಕೆ ಅಪಾಯದ ಪದ. ಅಜ್ಜಿ ಉರಿ ಹುಡುಕುತ್ತಾಳೆ, ಊತ ಹುಡುಕುತ್ತಾಳೆ. ಡೆಂಗಿಯ ಕೆಟ್ಟ ಹೊತ್ತು ಬರುವುದು ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ, ಅದೂ ಜ್ವರ ಇಳಿಯುವಾಗ. 24ರಿಂದ 48 ಗಂಟೆ ಸೋರಿಕೆ ನಡೆಯುತ್ತದೆ; ಸೋರಿದ್ದು ಎದೆ, ಹೊಟ್ಟೆಯೊಳಗೆ ಸೇರುತ್ತದೆ, ಹೊರಗೆ ಬಾವು ಕಾಣುವುದಿಲ್ಲ. ನಾವು ನೋಡುವುದು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) 20% ಏರಿದೆಯೇ, ಮೇಲಿನ-ಕೆಳಗಿನ ರಕ್ತದೊತ್ತಡದ ಅಂತರ 20ಕ್ಕೆ ಇಳಿದಿದೆಯೇ ಎಂದು.

ಇನ್ನೂ ಕೆಟ್ಟದ್ದು: ‘ಉರಿಯೂತ’ ಎಂದು ಓದಿದವರು ಮೆಡಿಕಲ್ ಶಾಪಿನಲ್ಲಿ ‘ಉರಿಯೂತ ಶಮನಕ’ ಕೇಳಿದರೆ ಸಿಗುವುದು ಐಬುಪ್ರೊಫೆನ್. ಪ್ಲೇಟ್‌ಲೆಟ್ ಇಳಿದ ಮಗುವಿಗೆ ಅದು ಕೊಟ್ಟರೆ ರಕ್ತಸ್ರಾವ.

‘ಬಿಳಿ ರಕ್ತಕಣ’ವೂ ಬೇಡ. ಡೆಂಗಿಯಲ್ಲಿ “ಬಿಳಿ ರಕ್ತಕಣ ಕಡಿಮೆಯಾಗಿದೆ” ಎನ್ನುವವರು ಹೇಳುತ್ತಿರುವುದು ಬಹಳ ಸಲ ಪ್ಲೇಟ್‌ಲೆಟ್ ವಿಚಾರ. ‘ಕಾವಲು ಕಣ’ ಹಾಕಿ. ‘ಆಘಾತ’ ಕೆಟ್ಟ ಸುದ್ದಿ ಕೇಳಿದಾಗ ಆಗುವಂಥದ್ದು, ‘ಶಾಕ್’ ಹೊಡೆಯುವುದು ಕರೆಂಟು. ‘ರಕ್ತದೊತ್ತಡ ಕುಸಿಯುತ್ತದೆ’ ಎನ್ನಿ.

ರಾ.:
ಉರಿ+ಊತ. ‘ಕುಣಿತ’, ‘ಹೊಡೆತ’ದ ಹಾಗೆ ‘ಊದು’ವಿನಿಂದ ‘ಊತ’. ಎರಡೂ ನಮ್ಮವೇ. ನೂರರಲ್ಲಿ ಒಂದು ಕನ್ನಡದ ಪದ ಗೆದ್ದಿರುವಾಗ ಅದನ್ನೂ ಕಿತ್ತು ಹಾಕಬೇಕೆ? ‘ವಿಶಾಣು’, ‘ರಚನೇತರ’ ಯಾವ ಅಜ್ಜಿಗೆ ಅರ್‍ತವಾಗುತ್ತದೆ? ವಯ್ರಸ್‌ಗೆ ‘ನಂಜುಳ’, ಪ್ರೋಟೀನಿಗೆ ‘ಮುನ್ನು’ ಬಳಸಿ. ಪ್ರೋಟೀನ್ ಎಂಬುದು ‘ಮೊದಲನೆಯದು’ ಎಂಬ ಗ್ರೀಕ್ ಪದದಿಂದ 1838ರಲ್ಲಿ ಹುಟ್ಟಿದ್ದು. ‘ಮುನ್’ ಕೂಡ ಅದೇ ಅರ್‍ತ ಕೊಡುತ್ತದೆ. ‘ಮಯ್ಕಟ್ಟಲ್ಲದ ಮುನ್ನು’. ಬಾಶೆ ಬೆಳೆಯುವುದು ಹೀಗೆ.

ಜಿ. ಕೆ.:
> ಬಾಶೆ ಬೆಳೆಯುವುದು ಹೀಗೆ.
ಮಹಾಪ್ರಾಣದ ಹೊಟ್ಟೆ ಸೀಳಲು ಬಾರದವರ ಜೊತೆ ನನಗೆ ಚರ್ಚೆಯಿಲ್ಲ.

ರಾ.:
ಆಡುವಾಗ ಸೀಳದ್ದನ್ನು ಬರೆಯುವಾಗ ಯಾಕೆ ಸೀಳಬೇಕು?

ಡಾ. ಪಿ.:
ಮುನ್ನು ಬೇಡ, ವಿಷಾಣುವೂ ಬೇಡ. ಲ್ಯಾಬ್ ಚೀಟಿಯಲ್ಲಿ ‘ಎನ್‌ಎಸ್1 ಪಾಸಿಟಿವ್’ ಎಂದೇ ಬರುತ್ತದೆ. ಚೀಟಿಯಲ್ಲಿ ಇದ್ದದ್ದು ಫಲಕದಲ್ಲೂ ಇರಲಿ. ‘ಆಸ್ಪತ್ರೆ’ ಎಲ್ಲಿಂದ ಬಂತೆಂದು ಯಾರೂ ಬಾಗಿಲಲ್ಲಿ ನಿಂತು ಕೇಳುವುದಿಲ್ಲ.

ಜಿ. ಕೆ.:
ಆಸ್ಪತ್ರೆ ಕನ್ನಡದ ಬಾಯಿಗೆ ಹೊಂದಿಕೊಂಡು ಬಂದ ಪದ. ‘ಪಾಸಿಟಿವ್’ ಹಾಗೆ ಬಂದದ್ದಲ್ಲ, ನುಗ್ಗಿದ್ದು. ಎರಡಕ್ಕೂ ಒಂದೇ ತಕ್ಕಡಿ ಹಿಡಿಯುವುದಾದರೆ ಈ ಚರ್ಚಾಪಟ್ಟಿಯ ಅಗತ್ಯವೇನು?

ಎಸ್.:
ಎರವಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ, ದಯವಿಟ್ಟು. ಈಗಿನ ಪಾಠ:

“ಜ್ವರ ಇಳಿಯಿತೆಂದು ಮೈಮರೆಯಬೇಡಿ. ಡೆಂಗಿ ವೈರಸ್ಸು ರಕ್ತಕ್ಕೆ ಬಿಡುವ ಎನ್‌ಎಸ್1 ಎಂಬ ಪ್ರೋಟೀನು ಮೈಯ ಕಾವಲು ಕಣಗಳನ್ನು ಕೆರಳಿಸುತ್ತದೆ, ರಕ್ತನಾಳದ ಒಳಪದರವನ್ನೂ ಕೆಡಿಸುತ್ತದೆ. ಆಗ ರಕ್ತದ ನೀರಿನಂಶ ಹೊರಕ್ಕೆ ಸೋರಿ ಮಗುವಿನ ರಕ್ತದೊತ್ತಡ ಕುಸಿಯಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು-ಒಸಡಿನಲ್ಲಿ ರಕ್ತ, ತಣ್ಣನೆಯ ಕೈಕಾಲು, ಮಂಕು ಅಥವಾ ಚಡಪಡಿಕೆ, 4–6 ಗಂಟೆ ಮೂತ್ರ ಹೋಗದಿರುವುದು: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಕರೆತನ್ನಿ. ನೋವಿನ ಮಾತ್ರೆ ಕೊಡಬೇಡಿ.”

ಡಾ. ಪಿ.:
ಸರಿ. ಕೊನೆಯ ಸಾಲು ಮಾತ್ರ ಬದಲಾಗಬೇಕು. ‘ನೋವಿನ ಮಾತ್ರೆ’ ಎಂದರೆ ಜ್ವರದ ಸಿರಪ್ ಲೆಕ್ಕಕ್ಕೆ ಬರುವುದಿಲ್ಲವೆಂದುಕೊಳ್ಳುತ್ತಾರೆ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್, ಆಸ್ಪಿರಿನ್ ಎಂದು ಹೆಸರನ್ನೇ ದಪ್ಪಕ್ಷರದಲ್ಲಿ ಹಾಕಿ. ಮಕ್ಕಳ ಕೆಲವು ಸಿರಪ್ಪುಗಳಲ್ಲಿ ಪ್ಯಾರಸಿಟಮಾಲ್ ಜೊತೆ ಮೊದಲೆರಡರಲ್ಲಿ ಒಂದು ಬೆರೆತೇ ಬರುತ್ತದೆ. “ಬರೀ ಪ್ಯಾರಸಿಟಮಾಲ್, ವೈದ್ಯರು ತೂಕ ನೋಡಿ ಹೇಳಿದಷ್ಟೇ” ಎಂದು ಸೇರಿಸಿ.