ಮರಿ ಆಮೇಲೆ, ಗೂಡು ಮೊದಲು

ಸಣ್ಣ ಕಾಕಾ: ಗ್ರೂಪಿನಲ್ಲಿ ಹಾಕಿರುವ ಈ ಪೋಸ್ಟರ್ ಎಲ್ಲರೂ ನೋಡಿ. 20 ಕಡಕ್‌ನಾಥ್ ಜಾತಿಯ ಕೋಳಿ ಮರಿ, ಜೊತೆಗೆ 6 ಅಡಿ ಉದ್ದ 3 ಅಡಿ ಅಗಲದ ರೆಡಿಮೇಡ್ ಗೂಡು. ಬೆಳೆದ ಮೇಲೆ ಅವರೇ ವಾಪಸ್ ಕೊಳ್ಳುತ್ತಾರಂತೆ. ಗದಗದ ಮನೆಯ ಹಿತ್ತಲು ಸುಮ್ನೆ ಖಾಲಿ ಬಿದ್ದಿದೆ. ಅರ್ಧ ಹಣ ನನ್ನದು. ಇವತ್ತೇ ಬುಕ್ ಮಾಡೋಣವಾ?

ಅಣ್ಣ: ನಾನು ರೆಡಿ ಕಾಕಾ. ಕಡಕ್‌ನಾಥ್ ತತ್ತಿ ಅಂದರೆ ಹುಬ್ಬಳ್ಳಿಯಲ್ಲಿ ನನ್ನ ಆಫೀಸಿನವರೇ ಕೊಳ್ಳುತ್ತಾರೆ.

ನಾನು: ಕಾಕಾ, ದಯವಿಟ್ಟು ಇವತ್ತು ಹಣ ಕಳಿಸಬೇಡಿ. 6 ಅಡಿಗೆ 3 ಅಡಿ ಅಂದರೆ 18 ಚದರ ಅಡಿ. ಬೆಳೆದ ಕೋಳಿ ಒಂದಕ್ಕೆ ಗೂಡಿನೊಳಗೆ ಕನಿಷ್ಠ 2 ಚದರ ಅಡಿ ಬೇಕು. 20 ಕೋಳಿಗೆ 40 ಆಯಿತು. ಈ ಗೂಡಿನಲ್ಲಿ ಅದರ ಅರ್ಧವೂ ಇಲ್ಲ. ಇಕ್ಕಟ್ಟಾದರೆ ಒಂದನ್ನೊಂದು ಕುಕ್ಕಿ ಪುಕ್ಕ ಕೀಳುತ್ತವೆ, ರಕ್ತ ಕಂಡರೆ ಇನ್ನೂ ಕುಕ್ಕುತ್ತವೆ. ಇನ್ನು ವಾಪಸ್ ಕೊಳ್ಳುವ ಮಾತು. 2019ರಲ್ಲಿ ಸಾಂಗ್ಲಿ ಕಡೆ ಇದೇ ಕಡಕ್‌ನಾಥ್ ಹೆಸರಿನಲ್ಲಿ, ಇದೇ ಭರವಸೆ ಕೊಟ್ಟು ರೈತರಿಗೆ ಮೋಸ ಮಾಡಿದ ಪ್ರಕರಣ ಪೊಲೀಸರ ತನಕ ಹೋಗಿತ್ತು. ಈ ಪೋಸ್ಟರಿನವರೂ ಹಾಗೇ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಭರವಸೆ ನಂಬಿ ಲೆಕ್ಕ ಹಾಕುವುದು ಬೇಡ.

ಸಣ್ಣ ಕಾಕಾ: ಗೂಡು ಬೇಡ ಅಂದರೆ ಬಿಡು, ಮರಿ ಮಾತ್ರ ತರೋಣ. ಕಡಕ್‌ನಾಥ್ ಗಟ್ಟಿ ಜಾತಿ. ನಮ್ಮ ಬಿಸಿಲು ತಡೆಯುತ್ತದೆ.

ನಾನು: ಬಿಸಿಲು ತಡೆಯುತ್ತದೆ, ನಿಜ. ಮಧ್ಯಪ್ರದೇಶದ ಝಾಬುವಾ ಸೀಮೆಯ ಕೋಳಿ ಅದು. ಆದರೆ ನಮಗೆ ಬೇಕಾದದ್ದು ಏನು ಅಂತ ಮೊದಲು ಹೇಳಿ. ಮನೆಗೆ ತತ್ತಿ ಬೇಕು ಅಂತ ನೀವೇ ದೀಪಾವಳಿಗೆ ಹೇಳಿದ್ದಿರಿ. ಕಡಕ್‌ನಾಥ್ ವರ್ಷಕ್ಕೆ ಹೆಚ್ಚೆಂದರೆ ನೂರರ ಆಸುಪಾಸು ತತ್ತಿ ಇಡುತ್ತದೆ. ಕಾವಿಗೆ ಕೂರುವುದೂ ಕಡಿಮೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಸ್ವರ್ಣಧಾರಾ ಜಾತಿಯ ಕೋಳಿ ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 180ರ ಮೇಲೆ ಕೊಡುತ್ತದೆ. 8 ಹ್ಯಾಟಿ, ಅಂದರೆ ಹೆಣ್ಣು ಕೋಳಿ, ಇದ್ದರೆ ದಿನಕ್ಕೆ ಸರಾಸರಿ ನಾಲ್ಕು ತತ್ತಿ. ಮನೆಗೆ ಸಾಕು, ಓಣಿಯವರಿಗೂ ಕೊಡಬಹುದು. ಗಿರಿರಾಜ ಕೂಡ ಹೆಬ್ಬಾಳದ್ದೇ. ಮಾಂಸಕ್ಕೆ ಒಳ್ಳೆಯದು, ತತ್ತಿ ಸ್ವಲ್ಪ ಕಡಿಮೆ. ಇವುಗಳ ಜೊತೆ ಎರಡು ಜವಾರಿ ಹ್ಯಾಟಿ ಇರಲಿ. ತತ್ತಿ ಕಡಿಮೆ ಇಟ್ಟರೂ ಕಾವಿಗೆ ಕೂತು ಮರಿ ಮಾಡುವ ಗುಣ ಅವಕ್ಕೇ ಇರುವುದು.

ಅಣ್ಣ: ಹುಂಜ ಬೇಡವಾ? ಹುಂಜ ಇಲ್ಲದೆ ತತ್ತಿ ಹೇಗೆ?

ನಾನು: ತತ್ತಿ ಇಡಲು ಹುಂಜ ಬೇಕಿಲ್ಲ ಅಣ್ಣಾ. ಮರಿ ಆಗಬೇಕಾದರೆ ಮಾತ್ರ ಬೇಕು. ಒಂದು ಹುಂಜ ಧಾರಾಳ ಸಾಕು.

ಸಣ್ಣ ಕಾಕಾ: ನಮ್ಮ ಅಪ್ಪನ ಕಾಲದಲ್ಲಿ ಬುಟ್ಟಿ ಬೋರಲು ಹಾಕಿ ಕೋಳಿ ಸಾಕಿದ್ದೇವೆ. ಜವಾರಿ ಕೋಳಿಗೆ ರೋಗ ಗೀಗ ಏನೂ ಇರಲಿಲ್ಲ. ನೀನು ಬಂಗಲೆ ಕಟ್ಟಿಸಲು ಹೊರಟಿದ್ದೀಯ.

ಅಕ್ಕ: ಕಾಕಾ, ಅದು ಹಾಗಿಲ್ಲ. ಹಾವೇರಿಯಲ್ಲಿ ನಮ್ಮ ಓಣಿಯಲ್ಲೇ ಕೊಕ್ಕರೆ ರೋಗ ಬಂದು ಒಂದು ಮನೆಯ ಜವಾರಿ ಕೋಳಿಗಳು ಪೂರ್ತಿ ಹೋದವು. ಅದು ಬರದಂತೆ ಮರಿಯ ಮೊದಲ ವಾರದಲ್ಲೇ ಲಸೋಟಾ ಲಸಿಕೆಯ ಹನಿ ಹಾಕಿಸಬೇಕು, 8 ವಾರದ ಹೊತ್ತಿಗೆ ಅದೇ ರೋಗಕ್ಕೆ ಆರ್‌2ಬಿ ಲಸಿಕೆಯ ಚುಚ್ಚುಮದ್ದು. ಮತ್ತೆ ಇಲ್ಲಿಂದ ಗೋವಿನಜೋಳ ನಾನು ಕಳಿಸುತ್ತೇನೆ, ಆದರೆ ಬರೀ ಅದನ್ನೇ ಹಾಕಿದರೆ ತತ್ತಿ ನಿಲ್ಲುತ್ತದೆ. ಹಿಂಡಿ ಬೇಕು, ಚಿಪ್ಪಿನ ಪುಡಿ ಬೇಕು. ಬೂಸ್ಟು ಹಿಡಿದ ಕಾಳಂತೂ ಹಾಕಲೇಬಾರದು, ವಿಷ.

ನಾನು: ಬಂಗಲೆ ಅಲ್ಲ ಕಾಕಾ. ನಮ್ಮ ಹಿತ್ತಲಿಗೆ ತಕ್ಕ ಗೂಡು. ಅಲ್ಲಿ ಎರಿ ಮಣ್ಣು. ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ಬಿರುಕು. ಆ ನೆಲದ ಮೇಲೆ ನೇರವಾಗಿ ಗೂಡು ಇಟ್ಟರೆ ಜೂನ್ ತಿಂಗಳಲ್ಲೇ ಕೋಳಿ ಹಸಿಯಲ್ಲಿ ನಿಲ್ಲುತ್ತವೆ. ಅದಕ್ಕೆ ಒಂದೂವರೆ ಅಡಿ ಗರಸು ಮಣ್ಣು ತುಂಬಿ, ಮೇಲೆ ಫರಸಿ ಕಲ್ಲು ಹಾಸಬೇಕು. ಫರಸಿ ಇದ್ದರೆ ಮುಂಗುಸಿ ಕೆಳಗಿಂದ ತೋಡಿಕೊಂಡು ಒಳಗೆ ಬರಲೂ ಆಗುವುದಿಲ್ಲ. ನಮ್ಮ ಹಿತ್ತಲ ಕಲ್ಲಿನ ಗೋಡೆಯಲ್ಲಿ ಮುಂಗುಸಿ ಇದೆ, ಎಲ್ಲರೂ ನೋಡಿದ್ದೇವೆ ಅಲ್ವಾ? ಪೋಸ್ಟರಿನ ಗೂಡಿಗೆ ಇರುವುದು ಆರು ಮೂಲೆಯ ಕಿಂಡಿಗಳ ತೆಳು ಜಾಳಿಗೆ. ಅದು ಕೋಳಿಯನ್ನು ಒಳಗೆ ಇಡುತ್ತದೆ, ಮುಂಗುಸಿಯನ್ನು ಹೊರಗೆ ಇಡುವುದಿಲ್ಲ. ಅರ್ಧ ಇಂಚು ಕಿಂಡಿಯ, ಬೆಸುಗೆ ಹಾಕಿದ ಜಾಳಿಗೆಯೇ ಬೇಕು.

ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ, ಆಗ ಉದ್ದನೆಯ ಬದಿಗಳಿಗೆ ಬಿಸಿಲು ಕಡಿಮೆ ಹೊಡೆಯುತ್ತದೆ. ಗೋಡೆ ಒಂದಡಿ ಸಾಕು, ಮೇಲೆಲ್ಲ ಜಾಳಿಗೆ, ಗಾಳಿ ಆಡಬೇಕು. ಬರೀ ತಗಡು ಹಾಕಿದರೆ ಏಪ್ರಿಲ್‌ನಲ್ಲಿ ಒಳಗೆ ಹಂಚು ಕಾದಂತೆ ಆಗುತ್ತದೆ. ತಗಡೇ ಆಗಬೇಕು ಅಂದರೆ ಮೇಲೆ ಜೋಳದ ಕಣಿಕೆ ಹೊದಿಸೋಣ, ಸೂರು ಮೂರಡಿ ಹೊರಗೆ ಚಾಚಲಿ. 8 ಅಡಿ ಉದ್ದ, 5 ಅಡಿ ಅಗಲ. ಹತ್ತೇ ಹ್ಯಾಟಿ, ಒಂದು ಹುಂಜ. ಒಳಗೆ ಶೇಂಗಾ ಹೊಟ್ಟು ಹಾಸಿದರೆ ಆಯಿತು, ಒದ್ದೆಯಾದದ್ದನ್ನು ತೆಗೆಯುತ್ತಿರಬೇಕು.

ಅಣ್ಣ: ಇಷ್ಟಕ್ಕೆಲ್ಲ ಖರ್ಚು ಜಾಸ್ತಿ ಆಗುತ್ತದೆ. ಮರಿ ಮೊದಲು ತಂದರೆ ಗೂಡು ನಿಧಾನಕ್ಕೆ ಆಗುತ್ತದೆ.

ನಾನು: ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಂದು ದಿನದ ಮರಿಗೆ ಮೊದಲ ವಾರ 35 ಡಿಗ್ರಿ ಹತ್ತಿರ ಬಿಸಿ ಬೇಕು, ಹಗಲೂ ರಾತ್ರಿ. ಆಮೇಲೆ ವಾರ ವಾರ ಇಳಿಸುತ್ತ ಹೋಗಬೇಕು. ರಾತ್ರಿ ಕರೆಂಟು ಹೋದರೆ ಎದ್ದು ನೋಡುವವರು ಯಾರು? ನೀನು ಹುಬ್ಬಳ್ಳಿಯಲ್ಲಿ, ಕಾಕಾ ಧಾರವಾಡದಲ್ಲಿ, ಅಕ್ಕ ಹಾವೇರಿಯಲ್ಲಿ. ಏಳುವುದು ಅವ್ವ. ನೀರು ಬದಲಿಸುವುದು, ಹಿಕ್ಕೆ ಬಳಿಯುವುದು ಎಲ್ಲ ಅವ್ವನೇ. ಅವಳನ್ನು ಇದುವರೆಗೆ ಯಾರಾದರೂ ಕೇಳಿದ್ದೀರಾ?

ಅಕ್ಕ: ಈಗ ಫೋನ್ ಮಾಡಿ ಕೇಳಿದೆ. ಅವ್ವನಿಗೆ ಕೋಳಿ ಸಾಕುವ ಆಸೆ ಇದೆ. ಆದರೆ ಮೊಣಕಾಲು ನೋವಿದೆ, ಬಗ್ಗಿ ಒಳಗೆ ಹೋಗಲು ಆಗುವುದಿಲ್ಲ ಅಂದಳು. ನಿಂತುಕೊಂಡೇ ಒಳಗೆ ಹೋಗುವಷ್ಟು ಬಾಗಿಲು ಎತ್ತರ ಬೇಕಂತೆ. ಸಣ್ಣ ಮರಿ ತಂದರೆ ತನ್ನಿಂದ ಆಗದು ಅಂದಳು.

ನಾನು: ಹಾಗಾದರೆ ಬಾಗಿಲು ಆರಡಿ. ತತ್ತಿ ಇಡುವ ಪೆಟ್ಟಿಗೆ ಸೊಂಟದ ಎತ್ತರಕ್ಕೆ, ಮುಚ್ಚಳ ಹೊರಗಿನಿಂದ ತೆಗೆಯುವಂತೆ ಇರಲಿ. ನಾಲ್ಕೈದು ಹ್ಯಾಟಿಗೆ ಒಂದು ಪೆಟ್ಟಿಗೆ ಸಾಕು, ನಮಗೆ ಎರಡು. ಕೋಳಿಯನ್ನು 8 ವಾರ ದಾಟಿದ ಮೇಲೆ, ಲಸಿಕೆ ಆದದ್ದನ್ನೇ ತರೋಣ. ಒಂದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ.

ಸಣ್ಣ ಕಾಕಾ: ವೈನಿ, ಅಂದರೆ ನಿಮ್ಮ ಅವ್ವ, ಹಾಗೆ ಹೇಳಿದರೆ ಸರಿ. ಫರಸಿ ಮತ್ತು ಗರಸಿನ ಖರ್ಚು ನನಗೆ ಬಿಡಿ. ಆದರೆ ಎರಡಾದರೂ ಕಡಕ್‌ನಾಥ್ ಇರಬೇಕು. ಅದನ್ನು ನಾನು ಬಿಡುವುದಿಲ್ಲ.

ನಾನು: ಹತ್ತರಲ್ಲಿ ಎರಡು ಇರಲಿ ಕಾಕಾ. ಅಣ್ಣಾ, ಅರ್ಧ ಇಂಚು ಜಾಳಿಗೆಯ ರೇಟು ಹುಬ್ಬಳ್ಳಿಯಲ್ಲಿ ಕೇಳಿ ಇಲ್ಲೇ ಹಾಕು.